ತೆರಿಗೆ ಪ್ರಶ್ನೋತ್ತರ: ಮಾರಾಟ ತೆರಿಗೆಯ ಕಡಿತ ಯಾರಿಗೆ, ಎಷ್ಟು?

2025ರ ವರಮಾನಕ್ಕೆ ಸಂಬಂಧಿಸಿದ ಫೆಡರಲ್ ರಿಟರ್ನ್ ಸಲ್ಲಿಸಲು 2026ರ ಏಪ್ರಿಲ್ 15 ಕೊನೆಯ ದಿನ. ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ನೆಲೆಸಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ: ವರ್ಷವಿಡೀ ಅಂಗಡಿಗಳಲ್ಲಿ, ಆನ್‌ಲೈನ್ ಖರೀದಿಯಲ್ಲಿ, ಕಾರು ಕೊಳ್ಳುವಾಗ ಕೊಟ್ಟ ಮಾರಾಟ ತೆರಿಗೆಯನ್ನು ಸ್ವಂತ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿಕೊಳ್ಳಬಹುದೇ ಎಂಬುದು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಫ್ಲಾರಿಡಾಕ್ಕೆ ಬಂದು ಮೂರು ವರ್ಷವಾಯಿತು. ಇಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದರ ಬದಲು ಕೊಟ್ಟ ಸೇಲ್ಸ್ ಟ್ಯಾಕ್ಸ್ ಎಲ್ಲವನ್ನೂ ರಿಟರ್ನ್ ಹಾಕಿದಾಗ ಮರಳಿ ಪಡೆಯಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಒಬ್ಬಳೇ ಇರುವುದು, ಬಾಡಿಗೆ ಮನೆ. ಇದು ನಿಜವೇ?

ಉತ್ತರ: ಮರಳಿ ಪಡೆಯಬಹುದು ಎಂಬ ಮಾತು ತಪ್ಪು, ಕಡಿತವಾಗಿ ತೋರಿಸಬಹುದು ಎಂಬುದು ಸರಿ. ನಮ್ಮವರು ಮಾತಿನಲ್ಲಿ ವಿನಾಯಿತಿ, ಕಡಿತ, ರೀಫಂಡ್ ಈ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುವುದರಿಂದ ಎಷ್ಟೋ ಗೊಂದಲ ಹುಟ್ಟುತ್ತದೆ. ಕಡಿತ ಅಥವಾ ಡಿಡಕ್ಷನ್ ಅಂದರೆ ತೆರಿಗೆ ಹಾಕುವ ಮುನ್ನ ನಿಮ್ಮ ವರಮಾನದಿಂದ ಕಳೆಯುವ ಮೊತ್ತ. 1,000 ಡಾಲರ್ ಕಡಿತ ಸಿಕ್ಕಿತೆಂದರೆ ಕೈಗೆ 1,000 ಡಾಲರ್ ಬಂತೆಂದಲ್ಲ. ನೀವು 22% ತೆರಿಗೆ ದರದ ಹಂತದಲ್ಲಿದ್ದರೆ ಉಳಿಯುವುದು 220 ಡಾಲರ್ ಮಾತ್ರ.

ಅದೂ ಉಳಿಯಬೇಕಾದರೆ ಇನ್ನೊಂದು ಹೊಸ್ತಿಲು ದಾಟಬೇಕು. ಮಾರಾಟ ತೆರಿಗೆಯ ಕಡಿತ ಇರುವುದು ವೈಯಕ್ತಿಕ ರಿಟರ್ನ್ ನಮೂನೆಯಾದ ಫಾರ್ಮ್ 1040ರ ಜೊತೆಗೆ ಸಲ್ಲಿಸುವ ಶೆಡ್ಯೂಲ್ ಎ ಎಂಬ ಪಟ್ಟಿಯಲ್ಲಿ, ಸಾಲು 5ಎ ಎಂಬಲ್ಲಿ. ಆ ಪಟ್ಟಿಯನ್ನು ತುಂಬುವವರು, ಅಂದರೆ ತಮ್ಮ ಖರ್ಚುಗಳನ್ನು ಒಂದೊಂದಾಗಿ ಬರೆದು ಐಟೆಮೈಸ್ ಮಾಡುವವರು, ಎಲ್ಲರಿಗೂ ಸಿಗುವ ನಿಗದಿತ ಕಡಿತವಾದ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನು ಬಿಟ್ಟುಕೊಡಬೇಕಾಗುತ್ತದೆ. 2025ನೇ ಸಾಲಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಒಬ್ಬಂಟಿಯಾಗಿ ಸಲ್ಲಿಸುವವರಿಗೆ 15,750 ಡಾಲರ್, ದಂಪತಿ ಜಂಟಿಯಾಗಿ ಸಲ್ಲಿಸಿದರೆ 31,500 ಡಾಲರ್, ಅವಲಂಬಿತರಿರುವ ಮನೆಯ ಯಜಮಾನ ಅಥವಾ ಯಜಮಾನಿಗೆ 23,625 ಡಾಲರ್. ಬಾಡಿಗೆ ಮನೆಯಲ್ಲಿರುವ ನಿಮಗೆ ಆಸ್ತಿ ತೆರಿಗೆಯಾಗಲಿ ಗೃಹಸಾಲದ ಬಡ್ಡಿಯಾಗಲಿ ಇಲ್ಲ. ಫ್ಲಾರಿಡಾದ ರಾಜ್ಯದ ಮಾರಾಟ ತೆರಿಗೆ 6%. ಆ ದರದಲ್ಲಿ 15,750 ಡಾಲರ್ ತೆರಿಗೆ ಕೊಡಬೇಕೆಂದರೆ ವರ್ಷದಲ್ಲಿ 2,60,000 ಡಾಲರ್‌ಗೂ ಮಿಗಿಲಾದ ಸರಕು ಕೊಂಡಿರಬೇಕು. ದೊಡ್ಡ ಮೊತ್ತದ ದಾನವೋ, ವರಮಾನದ 7.5% ಮೀರಿದ ವೈದ್ಯಕೀಯ ವೆಚ್ಚವೋ ಇಲ್ಲದಿದ್ದರೆ ನಿಮಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಲಾಭ. ರಶೀದಿಗಳನ್ನು ಕೂಡಿಸುವ ಶ್ರಮ ಬೇಡ.

ಪ್ರಶ್ನೆ: ನಾವು ಡಲ್ಲಾಸ್ ಸಮೀಪದ ಊರಿನಲ್ಲಿದ್ದೇವೆ. ದಂಪತಿ ಇಬ್ಬರಿಗೂ ಉದ್ಯೋಗ, ಇಬ್ಬರು ಮಕ್ಕಳು, ಒಟ್ಟು ವರಮಾನ 1,60,000 ಡಾಲರ್. 2025ರಲ್ಲಿ ಮನೆಯ ಆಸ್ತಿ ತೆರಿಗೆ 9,800 ಡಾಲರ್, ಗೃಹಸಾಲದ ಬಡ್ಡಿ 17,000 ಡಾಲರ್ ಕಟ್ಟಿದ್ದೇವೆ. ದೇವಸ್ಥಾನಕ್ಕೂ ಒಂದು ಸೇವಾಸಂಸ್ಥೆಗೂ ಕೂಡಿ 2,000 ಡಾಲರ್ ಕೊಟ್ಟಿದ್ದೇವೆ. ಅದೇ ವರ್ಷ 40,000 ಡಾಲರ್‌ನ ಕಾರು ಕೊಂಡೆವು. ಕಾರಿನ ಕಾಗದ ಬಿಟ್ಟರೆ ಬೇರೆ ಯಾವ ರಶೀದಿಯನ್ನೂ ಇಟ್ಟಿಲ್ಲ. ಹಿಂದಿನ ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡಿದ್ದೆವು. ಈ ವರ್ಷ ಏನು ಮಾಡಬೇಕು?

ಉತ್ತರ: ಈ ಕಡಿತದ ಎಲ್ಲ ಮಗ್ಗುಲುಗಳೂ ನಿಮ್ಮ ಲೆಕ್ಕದಲ್ಲಿ ಬರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ರಶೀದಿಯ ಮಾತು. ರಶೀದಿ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಕೊಟ್ಟ ತೆರಿಗೆಯನ್ನು ಲೆಕ್ಕ ಹಾಕಲು ಕಾನೂನು ಎರಡು ದಾರಿಗಳನ್ನು ಕೊಟ್ಟಿದೆ. ಒಂದು, ವರ್ಷದ ಎಲ್ಲ ರಶೀದಿಗಳನ್ನು ಇಟ್ಟುಕೊಂಡು ನಿಜವಾಗಿ ಕೊಟ್ಟ ಮೊತ್ತವನ್ನು ಕೂಡಿಸುವುದು. ಇನ್ನೊಂದು, ಅಮೆರಿಕದ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಪ್ರತಿ ವರ್ಷ ಪ್ರಕಟಿಸುವ ಕೋಷ್ಟಕದಿಂದ ಮೊತ್ತವನ್ನು ತೆಗೆದುಕೊಳ್ಳುವುದು. ನಿಮ್ಮ ರಾಜ್ಯ, ವರಮಾನ ಮತ್ತು ಕುಟುಂಬದ ಸದಸ್ಯರ ಸಂಖ್ಯೆ ಇವನ್ನು ಆಧರಿಸಿ, ಇಂಥ ಕುಟುಂಬ ಸಾಮಾನ್ಯವಾಗಿ ಇಷ್ಟು ಮಾರಾಟ ತೆರಿಗೆ ಕೊಟ್ಟಿರುತ್ತದೆ ಎಂಬ ಅಂದಾಜು ಆ ಕೋಷ್ಟಕದಲ್ಲಿರುತ್ತದೆ. ಅದನ್ನು ಬಳಸಿದರೆ ದಿನಸಿ, ಬಟ್ಟೆ, ಪೀಠೋಪಕರಣಗಳ ರಶೀದಿಯನ್ನು ಯಾರೂ ಕೇಳುವುದಿಲ್ಲ. ಬಹುಪಾಲು ಕುಟುಂಬಗಳಿಗೆ ಈ ದಾರಿಯೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಐಆರ್‌ಎಸ್ ಜಾಲತಾಣದಲ್ಲಿ ಇದಕ್ಕೆಂದೇ ಲೆಕ್ಕ ಹಾಕಿಕೊಡುವ ಒಂದು ಸಾಧನವಿದೆ. ಪಿನ್ ಕೋಡ್‌ಗೆ ಸಮನಾದ ನಿಮ್ಮ ಜಿಪ್ ಕೋಡ್, ವರಮಾನ, ಅವಲಂಬಿತರ ಸಂಖ್ಯೆ ಕೊಟ್ಟರೆ ಉತ್ತರ ಕೊಡುತ್ತದೆ.

ಕೋಷ್ಟಕದ ಮೊತ್ತ ರಾಜ್ಯದ ತೆರಿಗೆಗೆ ಮಾತ್ರ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಟೆಕ್ಸಸ್‌ನಲ್ಲಿ ರಾಜ್ಯದ ದರ 6.25%, ಅದರ ಮೇಲೆ ನಗರ, ಕೌಂಟಿ, ಸಾರಿಗೆ ಪ್ರಾಧಿಕಾರಗಳು ಸೇರಿ ಗರಿಷ್ಠ 2%ರವರೆಗೆ ಹಾಕಬಹುದು. ನಿಮ್ಮ ಊರಿನ ಅಂಗಡಿಯ ಬಿಲ್ಲಿನಲ್ಲಿ 8.25% ಎಂದಿದ್ದರೆ ಈ ಸ್ಥಳೀಯ 2%ಕ್ಕೆ ತಕ್ಕ ಪಾಲನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಲೆಕ್ಕ ತೋರಿಸುವ ಸಲುವಾಗಿ ಕೋಷ್ಟಕದಲ್ಲಿ ನಿಮಗೆ 1,250 ಡಾಲರ್ ಬಂತೆಂದು ಇಟ್ಟುಕೊಳ್ಳೋಣ. 2ನ್ನು 6.25ರಿಂದ ಭಾಗಿಸಿದರೆ 0.32, 1,250ನ್ನು ಅದರಿಂದ ಗುಣಿಸಿದರೆ 400 ಡಾಲರ್. ಎರಡೂ ಸೇರಿ 1,650 ಡಾಲರ್ ಆಯಿತು. ಕೆಲವು ರಾಜ್ಯಗಳಲ್ಲಿ ಈ ಸ್ಥಳೀಯ ಪಾಲಿಗೆ ಬೇರೆಯೇ ಕೋಷ್ಟಕವಿದೆ. ಕೈಲೆಕ್ಕ ಮಾಡುವವರು ಈ ಹೆಜ್ಜೆಯನ್ನು ಬಿಟ್ಟುಬಿಡುವುದನ್ನು ಅನೇಕ ಸಲ ಕಂಡಿದ್ದೇನೆ.

ಇನ್ನು ಕಾರು. ಕೋಷ್ಟಕದ ದಾರಿ ಹಿಡಿದವರೂ ಕೆಲವು ದೊಡ್ಡ ಖರೀದಿಗಳ ಮೇಲಿನ ತೆರಿಗೆಯನ್ನು ಅದರ ಮೇಲೆ ಸೇರಿಸಿಕೊಳ್ಳಬಹುದು: ಕಾರು, ಟ್ರಕ್, ಮೋಟಾರ್ ಸೈಕಲ್ ಮುಂತಾದ ವಾಹನ, ದೋಣಿ, ವಿಮಾನ, ಮತ್ತು ಕೆಲವು ಷರತ್ತುಗಳಿಗೆ ಒಳಪಟ್ಟು ಮನೆ ಅಥವಾ ಮನೆಯ ದೊಡ್ಡ ನವೀಕರಣ. ಲೀಸ್‌ಗೆ ತೆಗೆದುಕೊಂಡ ವಾಹನದ ಮೇಲಿನ ಮಾರಾಟ ತೆರಿಗೆಯೂ ಇದರಲ್ಲಿ ಸೇರುತ್ತದೆ. ಟೆಕ್ಸಸ್‌ನಲ್ಲಿ ವಾಹನದ ಮೇಲಿನ ತೆರಿಗೆ 6.25%, ಆದ್ದರಿಂದ 40,000 ಡಾಲರ್‌ಗೆ 2,500 ಡಾಲರ್. ಹಳೆಯ ಕಾರನ್ನು ವಿನಿಮಯಕ್ಕೆ ಕೊಟ್ಟಿದ್ದರೆ ತೆರಿಗೆ ಕಡಿಮೆಯಾಗಿರುತ್ತದೆ. ಹಾಗಾಗಿ ಕಾರಿನ ಬೆಲೆಯಿಂದ ಲೆಕ್ಕ ಹಾಕಬೇಡಿ, ಖರೀದಿ ಪತ್ರದಲ್ಲಿ ತೆರಿಗೆ ಎಂದು ನಮೂದಾಗಿರುವ ಮೊತ್ತವನ್ನೇ ಬರೆಯಿರಿ. ನೋಂದಣಿ ಶುಲ್ಕ, ಟೈಟಲ್ ಶುಲ್ಕ, ಮಾರಾಟಗಾರನ ದಾಖಲೆ ಶುಲ್ಕ ಇವು ಮಾರಾಟ ತೆರಿಗೆಯಲ್ಲ.

ಈಗ ಒಟ್ಟುಗೂಡಿಸೋಣ. ಮಾರಾಟ ತೆರಿಗೆ 1,650 ಮತ್ತು 2,500 ಸೇರಿ 4,150. ಆಸ್ತಿ ತೆರಿಗೆ 9,800 ಸೇರಿದರೆ 13,950 ಡಾಲರ್. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳೆಲ್ಲ ಸೇರಿ, ಅಂದರೆ ಎಲ್ಲರೂ ಸಾಲ್ಟ್ ಎಂದು ಕರೆಯುವ ಈ ಗುಂಪಿಗೆ, ಒಂದು ಮಿತಿ ಇದೆ. 2017ರ ಡಿಸೆಂಬರ್‌ನ ಕಾನೂನು 2018ರಿಂದ ಆ ಮಿತಿಯನ್ನು 10,000 ಡಾಲರ್‌ಗೆ ಕಟ್ಟಿಹಾಕಿತ್ತು. 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಅದನ್ನು 2025ನೇ ಸಾಲಿಗೇ ಅನ್ವಯವಾಗುವಂತೆ 40,000 ಡಾಲರ್‌ಗೆ ಏರಿಸಿದೆ. ಆದ್ದರಿಂದ ನಿಮ್ಮ 13,950 ಡಾಲರ್ ಪೂರ್ತಿಯಾಗಿ ಒಪ್ಪಿತ. ಬಡ್ಡಿ 17,000, ದಾನ 2,000 ಸೇರಿಸಿದರೆ ಒಟ್ಟು 32,950 ಡಾಲರ್; ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಡಾಲರ್. ಈ ವರ್ಷ ಐಟೆಮೈಸ್ ಮಾಡುವುದೇ ಲಾಭ. ಇವೇ ಅಂಕಿಗಳು 2024ರಲ್ಲಿ ಇದ್ದಿದ್ದರೆ 13,950 ಡಾಲರ್ 10,000ಕ್ಕೆ ಇಳಿದು, ಒಟ್ಟು 29,000 ಆಗಿ, ಆ ವರ್ಷದ ಸ್ಟ್ಯಾಂಡರ್ಡ್ ಡಿಡಕ್ಷನ್ ಆದ 29,200ಕ್ಕಿಂತ 200 ಡಾಲರ್ ಕಡಿಮೆ ಬೀಳುತ್ತಿತ್ತು.

ಆದರೆ ಎಷ್ಟು ಲಾಭ ಎಂಬುದನ್ನು ಸ್ಪಷ್ಟವಾಗಿ ನೋಡಿಕೊಳ್ಳಿ. ಮಾರಾಟ ತೆರಿಗೆಯನ್ನು ಬಿಟ್ಟರೆ ನಿಮ್ಮ ಒಟ್ಟು 28,800 ಡಾಲರ್. ಅಂದರೆ ನೀವು ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೇ ತೆಗೆದುಕೊಳ್ಳುತ್ತಿದ್ದಿರಿ. 4,150 ಡಾಲರ್ ಮಾರಾಟ ತೆರಿಗೆಯಲ್ಲಿ ಮೊದಲ 2,700 ಡಾಲರ್ ಆ ಹಳ್ಳವನ್ನು ತುಂಬುವುದಕ್ಕೇ ಹೋಯಿತು. ನಿಮಗೆ ನಿಜವಾಗಿ ದಕ್ಕಿದ್ದು ಮೇಲಿನ 1,450 ಡಾಲರ್. ನೀವು 22%ರ ಹಂತದಲ್ಲಿರುವುದರಿಂದ ಉಳಿತಾಯ 319 ಡಾಲರ್. ಕಡಿಮೆಯೇನಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ತೆರಿಗೆ ಕಡಿತ ಸಿಗುತ್ತದೆಂಬ ಕಾರಣಕ್ಕೆ ಇನ್ನೊಂದು ಕಾರು ಕೊಳ್ಳಿರೆಂದು ಮಾರಾಟಗಾರರು ಹೇಳಿದರೆ ಈ 319ರ ಲೆಕ್ಕವನ್ನು ನೆನಪಿಸಿಕೊಳ್ಳಿ.

ಕಾರಿನ ಸಾಲದ ಬಡ್ಡಿಯ ಬಗ್ಗೆ ಅನೇಕರು ಇದರ ಜೊತೆಗೇ ಕೇಳಿದ್ದಾರೆ. ಅದು ಬೇರೆಯೇ ಕಡಿತ. 2025ರಿಂದ 2028ರವರೆಗೆ, ಅಮೆರಿಕದಲ್ಲೇ ಅಂತಿಮ ಜೋಡಣೆಯಾದ ಹೊಸ ವಾಹನದ ಸಾಲಕ್ಕೆ, ವರಮಾನದ ಮಿತಿಗಳಿಗೆ ಒಳಪಟ್ಟು ವರ್ಷಕ್ಕೆ 10,000 ಡಾಲರ್‌ವರೆಗಿನ ಬಡ್ಡಿಯನ್ನು, ಐಟೆಮೈಸ್ ಮಾಡದವರೂ ಕಳೆಯಬಹುದು. ಮಾರಾಟ ತೆರಿಗೆಯ ಸಾಲಿನಲ್ಲಿ ಅದನ್ನು ಸೇರಿಸಬಾರದು.

ಪ್ರಶ್ನೆ: 2025ರ ಜುಲೈ 1ರಂದು ನ್ಯೂಜೆರ್ಸಿ ಬಿಟ್ಟು ಆಸ್ಟಿನ್‌ಗೆ ಬಂದೆವು. ಮೊದಲ ಆರು ತಿಂಗಳ ಸಂಬಳದಲ್ಲಿ ನ್ಯೂಜೆರ್ಸಿಯ ಆದಾಯ ತೆರಿಗೆ 3,600 ಡಾಲರ್ ಹಿಡಿದಿದ್ದಾರೆ. ಆ ಅರ್ಧ ವರ್ಷಕ್ಕೆ ಆದಾಯ ತೆರಿಗೆಯನ್ನೂ ಟೆಕ್ಸಸ್‌ನ ಅರ್ಧ ವರ್ಷಕ್ಕೆ ಮಾರಾಟ ತೆರಿಗೆಯನ್ನೂ ತೋರಿಸಬಹುದೇ?

ಉತ್ತರ: ತೋರಿಸಲಾಗದು. ಒಂದು ರಿಟರ್ನ್‌ಗೆ ಒಂದೇ ಆಯ್ಕೆ. ಇಡೀ ವರ್ಷಕ್ಕೆ ಆದಾಯ ತೆರಿಗೆಯಾದರೂ ಇರಬೇಕು, ಮಾರಾಟ ತೆರಿಗೆಯಾದರೂ ಇರಬೇಕು. ಆಸ್ತಿ ತೆರಿಗೆಗೆ ಈ ನಿರ್ಬಂಧವಿಲ್ಲ. ಅದು ಎರಡರಲ್ಲಿ ಯಾವುದರ ಜೊತೆಗೂ ಬರುತ್ತದೆ.

ಮಾರಾಟ ತೆರಿಗೆಯನ್ನು ಆರಿಸಿದರೆ ಎರಡೂ ರಾಜ್ಯಗಳ ಕೋಷ್ಟಕವನ್ನು ದಿನಗಳ ಲೆಕ್ಕದಲ್ಲಿ ಹಂಚಬೇಕು. ಜನವರಿ 1ರಿಂದ ಜೂನ್ 30ರವರೆಗೆ 181 ದಿನ, ಜುಲೈ 1ರಿಂದ ವರ್ಷಾಂತ್ಯದವರೆಗೆ 184 ದಿನ. ನ್ಯೂಜೆರ್ಸಿಯ ಕೋಷ್ಟಕದಲ್ಲಿ ನಿಮಗೆ ಬರುವ ಇಡೀ ವರ್ಷದ ಮೊತ್ತವನ್ನು 181ರಿಂದ ಗುಣಿಸಿ 365ರಿಂದ ಭಾಗಿಸಿ, ಟೆಕ್ಸಸ್‌ನದನ್ನು 184ರಿಂದ ಗುಣಿಸಿ 365ರಿಂದ ಭಾಗಿಸಿ, ಎರಡನ್ನೂ ಕೂಡಿಸಿ. ಬಂದ ಮೊತ್ತವನ್ನು ಆದಾಯ ತೆರಿಗೆಯ ಪಕ್ಕದಲ್ಲಿಟ್ಟು ನೋಡಿ. ಆದಾಯ ತೆರಿಗೆಯ ಕಡೆ 3,600 ಡಾಲರ್ ಮಾತ್ರವಲ್ಲ, 2025ರಲ್ಲಿ ಕಟ್ಟಿದ ಹಿಂದಿನ ವರ್ಷದ ಬಾಕಿಯೂ, ನ್ಯೂಜೆರ್ಸಿಯಲ್ಲಿ ಸಂಬಳದಿಂದ ಕಡ್ಡಾಯವಾಗಿ ಹಿಡಿಯುವ ಅಂಗವೈಕಲ್ಯ ಮತ್ತು ನಿರುದ್ಯೋಗ ನಿಧಿಗಳ ವಂತಿಗೆಯೂ ಸೇರುತ್ತವೆ. ಅವು ಉದ್ಯೋಗದಾತರು ಕೊಡುವ ವಾರ್ಷಿಕ ಸಂಬಳದ ಪತ್ರವಾದ ನಿಮ್ಮ ಡಬ್ಲ್ಯು-2ರಲ್ಲೇ ನಮೂದಾಗಿರುತ್ತವೆ. ಕಾರಿನಂಥ ದೊಡ್ಡ ಖರೀದಿ ಮಾಡಿಲ್ಲದಿದ್ದರೆ ನಿಮ್ಮ ವಿಷಯದಲ್ಲಿ ಆದಾಯ ತೆರಿಗೆಯೇ ಮೇಲಾಗುವ ಸಂಭವ ಹೆಚ್ಚು.

ಎರಡೂ ಮೊತ್ತಗಳು ಹತ್ತಿರ ಹತ್ತಿರ ಬಂದರೆ ಮಾತ್ರ ಮುಂದಿನ ಒಂದು ಸಂಗತಿಯನ್ನೂ ಗಣನೆಗೆ ತೆಗೆದುಕೊಳ್ಳಿ. ಆದಾಯ ತೆರಿಗೆಯನ್ನು ಕಡಿತವಾಗಿ ತೋರಿಸಿ, ಮುಂದಿನ ವರ್ಷ ನ್ಯೂಜೆರ್ಸಿಯಿಂದ ರೀಫಂಡ್ ಬಂದರೆ, ಆ ರೀಫಂಡ್ ಆ ವರ್ಷದ ಫೆಡರಲ್ ವರಮಾನಕ್ಕೆ ಸೇರಬಹುದು; ರಾಜ್ಯದವರು 1099-ಜಿ ಎಂಬ ಪತ್ರ ಕೊಡುವುದು ಇದಕ್ಕಾಗಿಯೇ. ಮಾರಾಟ ತೆರಿಗೆಯನ್ನು ಆರಿಸಿದ್ದವರಿಗೆ ಆದಾಯ ತೆರಿಗೆಯ ರೀಫಂಡ್ ವರಮಾನವಾಗುವುದಿಲ್ಲ, ಏಕೆಂದರೆ ಅವರು ಅದನ್ನು ವರಮಾನದಿಂದ ಕಳೆದೇ ಇರಲಿಲ್ಲ. ಆದಾಯ ತೆರಿಗೆಯನ್ನು ಆರಿಸಿದವರಿಗೂ ಒಂದು ರಕ್ಷಣೆಯಿದೆ: ತೋರಿಸಿದ ಆದಾಯ ತೆರಿಗೆಯು, ತೋರಿಸಬಹುದಾಗಿದ್ದ ಮಾರಾಟ ತೆರಿಗೆಗಿಂತ ಎಷ್ಟು ಹೆಚ್ಚಿತ್ತೋ ಅಷ್ಟಕ್ಕಿಂತ ಮಿಗಿಲಾದ ರೀಫಂಡ್‌ಗೆ ತೆರಿಗೆ ಬೀಳುವುದಿಲ್ಲ. ಹೀಗಾಗಿ ಬಳಸದಿದ್ದರೂ ಮಾರಾಟ ತೆರಿಗೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ರಿಟರ್ನ್ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರದಲ್ಲಿದ್ದೇವೆ. ದಂಪತಿಯ ಒಟ್ಟು ವರಮಾನ 5,60,000 ಡಾಲರ್. ವರಮಾನ ಹೆಚ್ಚಿದ್ದವರಿಗೆ 40,000 ಡಾಲರ್ ಮಿತಿ ಸಿಗುವುದಿಲ್ಲ ಎಂದು ಓದಿದೆವು. ನಮ್ಮ ಆಸ್ತಿ ತೆರಿಗೆ 13,000 ಡಾಲರ್. ಹಾಗಾದರೆ ಮಾರಾಟ ತೆರಿಗೆಯ ಲೆಕ್ಕ ಹಾಕಿ ಪ್ರಯೋಜನವಿದೆಯೇ?

ಉತ್ತರ: ಇದೆ. 2025ರಲ್ಲಿ ವರಮಾನ 5 ಲಕ್ಷ ಡಾಲರ್ ದಾಟಿದ ಮೇಲೆ, ದಾಟಿದ ಮೊತ್ತದ 30%ರಷ್ಟು ಮಿತಿ ತಗ್ಗುತ್ತದೆ. ನೀವು 60,000 ಡಾಲರ್ ದಾಟಿದ್ದೀರಿ. ಅದರ 30% ಅಂದರೆ 18,000 ಡಾಲರ್ ಕಳೆದು ನಿಮ್ಮ ಮಿತಿ 22,000 ಡಾಲರ್ ಆಗುತ್ತದೆ. ಎಷ್ಟೇ ವರಮಾನವಿದ್ದರೂ ಮಿತಿ 10,000 ಡಾಲರ್‌ಗಿಂತ ಕೆಳಗೆ ಇಳಿಯುವುದಿಲ್ಲ. ಆಸ್ತಿ ತೆರಿಗೆ ಕಳೆದು ಇನ್ನೂ 9,000 ಡಾಲರ್ ಜಾಗ ಉಳಿದಿರುವುದರಿಂದ ಮಾರಾಟ ತೆರಿಗೆಯನ್ನು ಸೇರಿಸಿಕೊಳ್ಳಿ. ಗೃಹಸಾಲದ ಬಡ್ಡಿ, ದಾನ ಎಲ್ಲ ಕೂಡಿ 31,500 ಡಾಲರ್ ಮೀರಬೇಕೆಂಬ ಮಾತು ನಿಮಗೂ ಅನ್ವಯಿಸುತ್ತದೆ.

ಆ ವರ್ಷ ಕಾರು ಕೊಂಡಿದ್ದರೆ ಒಂದು ಸೂಕ್ಷ್ಮವಿದೆ. ವಾಷಿಂಗ್ಟನ್‌ನಲ್ಲಿ 2025ರಲ್ಲಿ ವಾಹನಗಳ ಮಾರಾಟದ ಮೇಲೆ ಸಾಮಾನ್ಯ ದರಕ್ಕಿಂತ ಹೆಚ್ಚುವರಿಯಾಗಿ 0.3% ಹಾಕುತ್ತಿದ್ದರು. ವಾಹನದ ದರ ಸಾಮಾನ್ಯ ದರಕ್ಕಿಂತ ಹೆಚ್ಚಿದ್ದರೆ ಸಾಮಾನ್ಯ ದರದಷ್ಟನ್ನು ಮಾತ್ರ ಕಳೆಯಲು ಅವಕಾಶ. ಆ ಹೆಚ್ಚುವರಿ ಪಾಲನ್ನು ಬಿಡಬೇಕು. ಇನ್ನು ನಿಮ್ಮ ವರಮಾನದ ಮಟ್ಟದಲ್ಲಿ ಪರ್ಯಾಯ ಕನಿಷ್ಠ ತೆರಿಗೆಯ ಲೆಕ್ಕವನ್ನೂ, ಅಂದರೆ ಹೆಚ್ಚು ಕಡಿತ ಪಡೆದವರಿಗೂ ಕನಿಷ್ಠ ತೆರಿಗೆ ಬೀಳುವಂತೆ ಪ್ರತ್ಯೇಕವಾಗಿ ಮಾಡುವ ಲೆಕ್ಕವನ್ನೂ, ನೋಡಿಕೊಳ್ಳಬೇಕು. ಕಂಪನಿಯ ಷೇರುಗಳನ್ನು ಆಪ್ಷನ್ ರೂಪದಲ್ಲಿ ಪಡೆದವರಿಗೆ ಇದು ಎದುರಾಗುವುದುಂಟು, ಆ ಲೆಕ್ಕದಲ್ಲಿ ಆಸ್ತಿ ತೆರಿಗೆಗಾಗಲಿ ಮಾರಾಟ ತೆರಿಗೆಗಾಗಲಿ ಕಡಿತವೇ ಇಲ್ಲ. ದಂಪತಿ ಬೇರೆ ಬೇರೆಯಾಗಿ ಸಲ್ಲಿಸಿ ಎರಡು ಮಿತಿ ಪಡೆಯೋಣವೆಂದರೆ ಅದೂ ಆಗದು. ಆಗ ಒಬ್ಬೊಬ್ಬರ ಮಿತಿ 20,000 ಡಾಲರ್‌ಗೆ, ವರಮಾನದ ಗಡಿ ಎರಡೂವರೆ ಲಕ್ಷ ಡಾಲರ್‌ಗೆ ಇಳಿಯುತ್ತವೆ, ಮತ್ತು ಒಬ್ಬರು ಐಟೆಮೈಸ್ ಮಾಡಿದರೆ ಇನ್ನೊಬ್ಬರೂ ಮಾಡಲೇಬೇಕು.

ಪ್ರಶ್ನೆ: ನಾನು 1970ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದವನು. ಆಗ ಆದಾಯ ತೆರಿಗೆ, ಮಾರಾಟ ತೆರಿಗೆ ಎರಡನ್ನೂ ವರಮಾನದಿಂದ ಕಳೆಯುತ್ತಿದ್ದೆವೆಂದು ನೆನಪು. ಈಗ ನಿವೃತ್ತನಾಗಿ ಪತ್ನಿಯೊಡನೆ ಇಲಿನಾಯ್‌ನಲ್ಲಿದ್ದೇನೆ; ಇಬ್ಬರಿಗೂ 70 ದಾಟಿದೆ. ಪಿಂಚಣಿ ಮತ್ತು ಫೆಡರಲ್ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ಭತ್ಯೆಗೆ ಇಲ್ಲಿ ರಾಜ್ಯದ ತೆರಿಗೆ ಇಲ್ಲ. ಈ ಕಡಿತ ಟೆಕ್ಸಸ್, ಫ್ಲಾರಿಡಾದವರಿಗೆ ಮಾತ್ರವೇ?

ಉತ್ತರ: ನಿಮ್ಮ ನೆನಪು ಸರಿಯಾಗಿದೆ. 1986ರ ತೆರಿಗೆ ಸುಧಾರಣಾ ಕಾನೂನು ಮಾರಾಟ ತೆರಿಗೆಯ ಕಡಿತವನ್ನು ತೆಗೆದುಹಾಕಿತು. ಆದಾಯ ತೆರಿಗೆಯದು ಉಳಿಯಿತು. ಇದರಿಂದ ಆದಾಯ ತೆರಿಗೆ ಇಲ್ಲದ ರಾಜ್ಯಗಳವರಿಗೆ ಅನ್ಯಾಯವಾಯಿತೆಂಬ ದೂರು ಬಹುಕಾಲ ಕೇಳಿಬಂದು, 2004ರ ಕಾನೂನು ಅದನ್ನು ಮರಳಿ ತಂದಿತು. ಆದರೆ ಮೊದಲಿನಂತೆ ಎರಡೂ ಅಲ್ಲ, ಎರಡರಲ್ಲಿ ಒಂದು. ಅದೂ ತಾತ್ಕಾಲಿಕವಾಗಿ, ಮತ್ತೆ ಮತ್ತೆ ವಿಸ್ತರಿಸುತ್ತ ಬಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 2015ರ ಡಿಸೆಂಬರ್‌ನಲ್ಲಿ ಶಾಶ್ವತಗೊಳಿಸಿತು. ಆ ಹನ್ನೊಂದು ವರ್ಷ, ಈ ಸಲ ಉಂಟೋ ಇಲ್ಲವೋ ಎಂದು ಡಿಸೆಂಬರ್‌ವರೆಗೂ ಕಾಯಬೇಕಾಗಿ ಬಂದ ವರ್ಷಗಳಿದ್ದವು. ರಿಟರ್ನ್ ಸಿದ್ಧಪಡಿಸುವ ನಮಗೆ ಅದು ನಿಜಕ್ಕೂ ಕಷ್ಟದ ಕಾಲ.

ಆಯ್ಕೆ ಎಲ್ಲ ರಾಜ್ಯಗಳವರಿಗೂ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಸಂಬಳ ಪಡೆಯುವವರಿಗೆ ಆದಾಯ ತೆರಿಗೆಯೇ ಬಹುಮಟ್ಟಿಗೆ ದೊಡ್ಡದಾಗಿರುವುದರಿಂದ ಅವರಿಗೆ ಈ ಪ್ರಶ್ನೆ ಏಳುವುದಿಲ್ಲ. ಒರೆಗಾನ್, ಮೊಂಟಾನಾ, ಡೆಲಾವೇರ್‌ಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ಆದರೆ ನಿಮ್ಮಂತೆ ಆದಾಯ ತೆರಿಗೆ ಇರುವ ರಾಜ್ಯದಲ್ಲಿದ್ದೂ ನಿವೃತ್ತಿ ವರಮಾನದ ಕಾರಣ ಅದನ್ನು ಕಟ್ಟದವರು ಖಂಡಿತ ಮಾರಾಟ ತೆರಿಗೆಯನ್ನು ಆರಿಸಬೇಕು, ಮತ್ತು ಇಂಥ ಹಿರಿಯರೇ ಇದನ್ನು ಹೆಚ್ಚಾಗಿ ಮರೆಯುತ್ತಾರೆಂಬುದು ನನಗೆ ಬೇಸರ ತರುವ ಸಂಗತಿ. ಕೋಷ್ಟಕ ನೋಡುವಾಗ ಫೆಡರಲ್ ತೆರಿಗೆಗೆ ಒಳಪಡದ ವರಮಾನವನ್ನೂ ಸೇರಿಸಿಕೊಳ್ಳಲು ಅವಕಾಶವಿದೆ: ಸೋಶಿಯಲ್ ಸೆಕ್ಯುರಿಟಿಯ ತೆರಿಗೆರಹಿತ ಭಾಗ, ನಗರಸಭೆಯ ಬಾಂಡುಗಳ ಬಡ್ಡಿ ಮುಂತಾದವು. ಇದರಿಂದ ಕೋಷ್ಟಕದಲ್ಲಿ ಮೇಲಿನ ಸಾಲಿಗೆ ಹೋಗಿ ಸ್ವಲ್ಪ ಹೆಚ್ಚು ಮೊತ್ತ ಸಿಗಬಹುದು. ಒಂದು ಖಾತೆಯಿಂದ ಇನ್ನೊಂದು ನಿವೃತ್ತಿ ಖಾತೆಗೆ ವರ್ಗಾಯಿಸಿದ ಹಣ ಮಾತ್ರ ಇದರಲ್ಲಿ ಸೇರದು.

ನೀವು ದಾಟಬೇಕಾದ ಹೊಸ್ತಿಲು ಕೊಂಚ ಎತ್ತರದ್ದು. 65 ತುಂಬಿದ ಪ್ರತಿಯೊಬ್ಬರಿಗೂ 1,600 ಡಾಲರ್ ಹೆಚ್ಚಿಗೆ ಸಿಗುವುದರಿಂದ ನಿಮ್ಮ ಸ್ಟ್ಯಾಂಡರ್ಡ್ ಡಿಡಕ್ಷನ್ 34,700 ಡಾಲರ್. ಮನೆಸಾಲ ತೀರಿಹೋಗಿದ್ದರೆ ಇಲಿನಾಯ್‌ನ ಭಾರೀ ಆಸ್ತಿ ತೆರಿಗೆಯ ಜೊತೆಗೆ ದೊಡ್ಡ ವೈದ್ಯಕೀಯ ವೆಚ್ಚವೋ ದಾನವೋ ಇದ್ದಾಗ ಮಾತ್ರ ಅದನ್ನು ಮೀರಲು ಸಾಧ್ಯ. 2025ರಿಂದ ಹಿರಿಯರಿಗೆ ತಲಾ 6,000 ಡಾಲರ್‌ನ ಹೊಸ ಕಡಿತ ಬಂದಿದೆ. ಜಂಟಿ ವರಮಾನ ಒಂದೂವರೆ ಲಕ್ಷ ಡಾಲರ್ ದಾಟಿದ ಮೇಲೆ ಅದು ಕರಗುತ್ತ ಹೋಗುತ್ತದೆ. ಐಟೆಮೈಸ್ ಮಾಡಿದರೂ ಮಾಡದಿದ್ದರೂ ಅದು ಸಿಗುವುದರಿಂದ ಈ ಹೋಲಿಕೆಯಲ್ಲಿ ಅದನ್ನು ತರಬೇಡಿ.

ಪ್ರಶ್ನೆ: ಅಡುಗೆಮನೆ ಮತ್ತು ಸ್ನಾನಗೃಹಗಳನ್ನು ಪೂರ್ತಿ ಹೊಸದಾಗಿ ಮಾಡಿಸಿದೆವು. ಗುತ್ತಿಗೆದಾರರಿಗೆ ಒಟ್ಟು 62,000 ಡಾಲರ್ ಕೊಟ್ಟೆವು. ಸಾಮಗ್ರಿಗಳ ಮೇಲೆ ಅವರು ಕೊಟ್ಟ ಮಾರಾಟ ತೆರಿಗೆಯನ್ನು ನಾವು ತೋರಿಸಬಹುದೇ? ನಾವಿರುವುದು ಹ್ಯೂಸ್ಟನ್.

ಉತ್ತರ: ಗುತ್ತಿಗೆದಾರ ತನ್ನ ಹೆಸರಿನಲ್ಲಿ ಸಾಮಗ್ರಿ ಕೊಂಡು, ನಿಮಗೆ ಒಟ್ಟು ಮೊತ್ತದ ಬಿಲ್ ಕೊಟ್ಟಿದ್ದರೆ ತೆರಿಗೆ ಕೊಟ್ಟವರು ಅವರು, ನೀವಲ್ಲ, ಆದ್ದರಿಂದ ನಿಮಗೆ ಕಡಿತವಿಲ್ಲ. ಟೈಲ್ಸ್, ಕಪಾಟು, ನಲ್ಲಿಗಳನ್ನು ನೀವೇ ಅಂಗಡಿಗೆ ಹೋಗಿ ಕೊಂಡು ತೆರಿಗೆ ಕೊಟ್ಟಿದ್ದರೆ, ಅಥವಾ ನಿಮ್ಮ ಪರವಾಗಿ ನಿಮ್ಮ ಹೆಸರಿನಲ್ಲೇ ಕೊಳ್ಳಲು ಗುತ್ತಿಗೆದಾರರಿಗೆ ಒಪ್ಪಂದದಲ್ಲಿ ಅಧಿಕಾರ ಕೊಟ್ಟಿದ್ದರೆ, ಆ ತೆರಿಗೆಯನ್ನು ಕೋಷ್ಟಕದ ಮೊತ್ತಕ್ಕೆ ಸೇರಿಸಬಹುದು. ನವೀಕರಣ ದೊಡ್ಡ ಪ್ರಮಾಣದ್ದಾಗಿರಬೇಕು, ದರ ಸಾಮಾನ್ಯ ಮಾರಾಟ ತೆರಿಗೆಯದೇ ಆಗಿರಬೇಕು. ಮುಂದೆ ಇಂಥ ಕೆಲಸಕ್ಕೆ ಕೈಹಾಕುವ ಓದುಗರು ಒಪ್ಪಂದಕ್ಕೆ ಸಹಿ ಮಾಡುವ ಮೊದಲೇ ಈ ಮಾತನ್ನು ಎತ್ತಬೇಕು. ಕೆಲಸ ಮುಗಿದ ಮೇಲೆ ಬಿಲ್ ಬದಲಿಸಿಕೊಡಿರೆಂದು ಕೇಳುವುದು ತರವಲ್ಲ.

ಪ್ರಶ್ನೆ: ಎಫ್-1 ವೀಸಾದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಹಳೆಯ ಕಾರು ಕೊಂಡಾಗ ಕೊಟ್ಟ ಮಾರಾಟ ತೆರಿಗೆಯನ್ನು 1040-ಎನ್‌ಆರ್‌ನಲ್ಲಿ ಎಲ್ಲಿ ಬರೆಯಬೇಕು?

ಉತ್ತರ: ಎಲ್ಲಿಯೂ ಬರೆಯುವಂತಿಲ್ಲ. ಅನಿವಾಸಿಗಳ ರಿಟರ್ನ್‌ನ ಪಟ್ಟಿಯಲ್ಲಿ ರಾಜ್ಯದ ಆದಾಯ ತೆರಿಗೆಗೆ ಮಾತ್ರ ಸ್ಥಳವಿದೆ. ಆದರೆ ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಭಾರತ ಮತ್ತು ಅಮೆರಿಕದ ನಡುವಣ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಇತರ ಹೆಚ್ಚಿನ ಅನಿವಾಸಿಗಳಿಗೆ ಅದಿಲ್ಲ. ಅದನ್ನು ತಪ್ಪದೆ ತೆಗೆದುಕೊಳ್ಳಿ.

ಪ್ರಶ್ನೆ: ಕಳೆದ ವರ್ಷ ಭಾರತಕ್ಕೆ ಹೋದಾಗ ಮದುವೆಗೆಂದು ಕೊಂಡ ಆಭರಣಗಳ ಮೇಲೆ ಜಿಎಸ್‌ಟಿ ಕೊಟ್ಟೆವು. ಅಲ್ಲಿರುವ ನಮ್ಮ ಮನೆಗೂ ಆಸ್ತಿ ತೆರಿಗೆ ಕಟ್ಟುತ್ತೇವೆ. ಇವನ್ನು ಇಲ್ಲಿ ತೋರಿಸಬಹುದೇ?

ಉತ್ತರ: ಜಿಎಸ್‌ಟಿಯನ್ನು ತೋರಿಸುವಂತಿಲ್ಲ, ಸಾಲು 5ಎ ಇರುವುದು ಅಮೆರಿಕದ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ತೆರಿಗೆಗೆ ಮಾತ್ರ. ಮರಳುವಾಗ ಇಲ್ಲಿ ಕೊಟ್ಟ ಕಸ್ಟಮ್ಸ್ ಸುಂಕವೂ ಸೇರದು. ಸ್ವಂತಕ್ಕಿಟ್ಟುಕೊಂಡ ಮನೆಯ ವಿದೇಶಿ ಆಸ್ತಿ ತೆರಿಗೆಯ ಕಡಿತ 2018ರಿಂದ ನಿಂತಿದೆ. ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ವಿಷಯ ಬೇರೆ: ಬಾಡಿಗೆಯನ್ನು ಇಲ್ಲಿನ ರಿಟರ್ನ್‌ನ ಶೆಡ್ಯೂಲ್ ಇ ಪಟ್ಟಿಯಲ್ಲಿ ತೋರಿಸಬೇಕು, ಅಲ್ಲಿಯೇ ಆಸ್ತಿ ತೆರಿಗೆಯನ್ನು ಖರ್ಚಾಗಿ ಕಳೆಯಬೇಕು.

ಪ್ರಶ್ನೆ: ನಾನು ಎಲ್ಲ ರಶೀದಿಗಳನ್ನೂ ಇಟ್ಟುಕೊಳ್ಳುವ ಅಭ್ಯಾಸದವಳು. ಮನೆಯಿಂದಲೇ ಸಣ್ಣ ಹೊಲಿಗೆ ಉದ್ಯಮವನ್ನೂ ನಡೆಸುತ್ತೇನೆ. ಕೋಷ್ಟಕದ ಬದಲು ರಶೀದಿಗಳಿಂದಲೇ ಲೆಕ್ಕ ಮಾಡಿದರೆ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು?

ಉತ್ತರ: ಉದ್ಯಮಕ್ಕಾಗಿ ಕೊಂಡ ಬಟ್ಟೆ, ದಾರ, ಯಂತ್ರಗಳ ರಶೀದಿಗಳನ್ನು ಮೊದಲು ಬೇರ್ಪಡಿಸಿ. ಅವುಗಳ ಮೇಲಿನ ತೆರಿಗೆ ಆ ಸರಕಿನ ಬೆಲೆಯ ಭಾಗವಾಗಿ ಶೆಡ್ಯೂಲ್ ಸಿ ಪಟ್ಟಿಗೆ ಹೋಗುತ್ತದೆ. ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್‌ನ ಹೊಸ್ತಿಲೂ ಇಲ್ಲ, ಸಾಲ್ಟ್ ಮಿತಿಯೂ ಇಲ್ಲ, ಆದ್ದರಿಂದ ಅದೇ ನಿಮಗೆ ಹೆಚ್ಚು ಲಾಭ.

ಮನೆಬಳಕೆಯ ರಶೀದಿಗಳಲ್ಲಿ ಸಾಮಾನ್ಯ ದರದ ಮಾರಾಟ ತೆರಿಗೆಯೆಲ್ಲ ಸೇರುತ್ತದೆ. ಆಹಾರ, ಉಡುಪು, ವೈದ್ಯಕೀಯ ಸಾಮಗ್ರಿ ಇವುಗಳಿಗೆ ಕಡಿಮೆ ದರವಿದ್ದರೂ ಸೇರಿಸಬಹುದು. ಪೆಟ್ರೋಲಿನ ಮೇಲಿನ ಅಬಕಾರಿ ತೆರಿಗೆ, ಹೋಟೆಲ್ ಕೋಣೆಯ ಮೇಲಿನ ವಿಶೇಷ ತೆರಿಗೆ, ಫೋನ್ ಬಿಲ್ಲಿನಲ್ಲಿರುವ ಬಗೆಬಗೆಯ ಶುಲ್ಕ ಇವು ಸೇರುವುದಿಲ್ಲ. ಆನ್‌ಲೈನ್ ಖರೀದಿಗಳ ರಶೀದಿಯನ್ನು ಮರೆಯಬೇಡಿ. 2018ರ ವೇಫೇರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದ ನಂತರ, ರಾಜ್ಯದಲ್ಲಿ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ರಾಜ್ಯಗಳು ಮಾರಾಟ ತೆರಿಗೆಯನ್ನು ವಸೂಲಿ ಮಾಡಿಸುತ್ತಿವೆ. ಸರಕನ್ನು ಮರಳಿಸಿ ತೆರಿಗೆ ವಾಪಸು ಪಡೆದಿದ್ದರೆ ಅಷ್ಟನ್ನು ಕಳೆಯಿರಿ. ಕ್ರೆಡಿಟ್ ಕಾರ್ಡಿನಲ್ಲಿ ಡಿಸೆಂಬರ್ 30ರಂದು ಕೊಂಡು ಬಿಲ್ಲನ್ನು ಜನವರಿಯಲ್ಲಿ ಕಟ್ಟಿದ್ದರೂ ಅದು ಕೊಂಡ ವರ್ಷಕ್ಕೇ ಸೇರುತ್ತದೆ.

ಕಾರ್ಡಿನ ಮಾಸಿಕ ಪಟ್ಟಿಯಲ್ಲಿ ತೆರಿಗೆ ಪ್ರತ್ಯೇಕವಾಗಿ ಕಾಣುವುದಿಲ್ಲವಾದ್ದರಿಂದ ಅದೊಂದೇ ಆಧಾರವಾಗದು. ಅಂಗಡಿಯ ರಶೀದಿಯೇ ಬೇಕು. ಉಷ್ಣಕ್ಕೆ ಮಾಸುವ ಕಾಗದದ ರಶೀದಿಗಳ ಚಿತ್ರ ತೆಗೆದಿಟ್ಟುಕೊಳ್ಳಿ, ರಿಟರ್ನ್ ಸಲ್ಲಿಸಿದ ಮೇಲೆ ಕನಿಷ್ಠ ಮೂರು ವರ್ಷ ಕಾಪಾಡಿ. ಎಲ್ಲ ಕೂಡಿಸಿದ ಮೇಲೆ ಕೋಷ್ಟಕದ ಮೊತ್ತವನ್ನೂ ಒಮ್ಮೆ ನೋಡಿ, ಹೆಚ್ಚಿರುವುದನ್ನು ಬರೆಯಿರಿ. ರಶೀದಿ ಇಟ್ಟುಕೊಂಡವರು ಕೋಷ್ಟಕ ಬಳಸಬಾರದೆಂಬ ನಿಯಮವಿಲ್ಲ. ಬರೆದ ಮೇಲೆ ಸಾಲು 5ಎ ಪಕ್ಕದಲ್ಲಿ, ಇದು ಆದಾಯ ತೆರಿಗೆಯಲ್ಲ, ಮಾರಾಟ ತೆರಿಗೆ ಎಂದು ಸೂಚಿಸುವ ಚಿಕ್ಕ ಚೌಕವೊಂದಿದೆ, ಅದಕ್ಕೆ ಗುರುತು ಹಾಕಲು ಮರೆಯಬೇಡಿ.